ಎಳೆಗೂಸಿನೊಂದಿಗೆ ಅಪ್ಪನ ನಂಟು: ಮೊದಲ ವಾರಗಳಲ್ಲಿ ಏನು ಮಾಡಬೇಕು

ಹಾಲೂಡುವುದು ತಾಯಿಯ ಕೆಲಸ, ನನಗೇನಿದೆ ಎಂದು ಎಷ್ಟೋ ಅಪ್ಪಂದಿರು ಮೊದಲ ವಾರದಲ್ಲೇ ಹಿಂದೆ ಸರಿಯುತ್ತಾರೆ. ಎದೆಹಾಲೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಅಪ್ಪ ಮಾಡಬಲ್ಲ. ನಂಟು ಬೆಳೆಯುವುದೂ ಆ ಕೆಲಸಗಳಲ್ಲೇ.

ಮೈಗೆ ಮೈ ತಾಗಿಸುವುದರಿಂದ ಶುರುಮಾಡಿ. ಸೋಪಿನಿಂದ ಕೈ ತೊಳೆದು, ಅಂಗಿ ಬಿಚ್ಚಿ, ದಿಂಬಿಗೆ ಅರೆ ಒರಗಿ ಕೂರಿ. ಬರೀ ಡೈಪರ್ ತೊಟ್ಟ ಮಗುವನ್ನು ಎದೆಯ ನಡುವೆ ನೆಟ್ಟಗೆ ಮಲಗಿಸಿ, ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಬೆನ್ನಿಗೆ ತೆಳು ಹೊದಿಕೆ ಹೊದಿಸಿ. ಮಗುವಿನ ಗದ್ದ ತುಸು ಮೇಲಿರಲಿ: ಅದು ತನ್ನ ಎದೆಗೇ ಒತ್ತಿಕೊಂಡರೆ ಉಸಿರಿನ ದಾರಿ ಕಟ್ಟಬಹುದು. ಮೂಗು, ಬಾಯಿ ಸದಾ ಕಾಣುತ್ತಿರಬೇಕು. ಸಾಧ್ಯವಾದರೆ ದಿನಕ್ಕೆ ಒಂದು ಗಂಟೆ ಹೀಗಿರಿ. ಹತ್ತೇ ನಿಮಿಷಕ್ಕೆ ಎತ್ತಿದರೆ ಆಗಷ್ಟೇ ನಿದ್ದೆಗಿಳಿದ ಮಗು ಬೆಚ್ಚಿ ಅಳುತ್ತದೆ. ನಿಮಗೇ ತೂಕಡಿಕೆ ಬಂದರೆ ತಡಮಾಡದೆ ತೊಟ್ಟಿಲಲ್ಲಿ ಅಂಗಾತ ಮಲಗಿಸಿ. ಮಗುವನ್ನು ಹಿಡಿದು ಸೋಫಾದಲ್ಲಿ ನಿದ್ದೆಹೋಗುವುದು ಅದರ ಪ್ರಾಣಕ್ಕೇ ಅಪಾಯ.

ಎಳೆಗೂಸಿಗೆ ಚೆನ್ನಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದವರೆಗೆ ಮಾತ್ರ. ಮುಖವನ್ನು ಅಷ್ಟು ಹತ್ತಿರ ತಂದು, ಮೆಲ್ಲಗೆ ಮಾತಾಡಿ, ಮಧ್ಯೆ ತುಸು ಸುಮ್ಮನಿರಿ. ಮಗು ಮುಖ ತಿರುಗಿಸಿದರೆ, ಬೆರಳು ಅಗಲಿಸಿದರೆ, ಮೇಲಿಂದ ಮೇಲೆ ಆಕಳಿಸಿದರೆ ಅದಕ್ಕೆ ಸಾಕಾಗಿದೆ ಎಂದರ್ಥ. ಆಗಲೂ ಆಡಿಸಲು ಹೋಗಿ ಅಳಿಸುವವರೇ ಹೆಚ್ಚು.

ದಿನವೂ ತಪ್ಪದೆ ಮಾಡುವ ಒಂದು ಕೆಲಸ ಪೂರ್ತಿ ನಿಮ್ಮದಾಗಿರಲಿ. ತೇಗು ಬರಿಸುವುದು ಒಳ್ಳೆಯ ಆಯ್ಕೆ, ಏಕೆಂದರೆ ದಿನಕ್ಕೆ 8ರಿಂದ 12 ಸಲ ಹಾಲೂಡಬೇಕಾಗುತ್ತದೆ, ರಾತ್ರಿಯೂ ಸೇರಿ. ಹೆಗಲಿಗೆ ಬಟ್ಟೆ ಹಾಕಿ, ಕತ್ತು ಆನಿಸಿ ಹಿಡಿದು, ಬೆನ್ನನ್ನು ಕೆಳಗಿನಿಂದ ಮೇಲಕ್ಕೆ ಸವರಿ. ಐದಾರು ನಿಮಿಷಕ್ಕೂ ತೇಗು ಬಾರದಿದ್ದರೆ ಬಿಡಿ, ಪ್ರತಿ ಸಲವೂ ಬರಲೇಬೇಕೆಂದಿಲ್ಲ. ಡೈಪರ್ ಬದಲಿಸುವಾಗ ಹೆಣ್ಣುಮಗುವನ್ನು ಮುಂದಿನಿಂದ ಹಿಂದಕ್ಕೇ ಒರೆಸಿ, ಮಲವು ಮೂತ್ರದ್ವಾರಕ್ಕೆ ತಾಗಬಾರದು.

ಅಳು ಸಾಮಾನ್ಯವಾಗಿ ಆರನೇ ವಾರದ ಹೊತ್ತಿಗೆ ಅತಿ ಹೆಚ್ಚು, ಮೂರು-ನಾಲ್ಕು ತಿಂಗಳಿಗೆ ಇಳಿಯುತ್ತದೆ. ನಿಮ್ಮ ಕೈಯಲ್ಲಿ ಅತ್ತರೆ ಅದು ನಿಮ್ಮನ್ನು ಒಲ್ಲೆ ಎಂದದ್ದಲ್ಲ, ಕೂಡಲೇ ತಾಯಿಗೆ ಒಪ್ಪಿಸಬೇಡಿ. ಹಸಿವು, ಒದ್ದೆ, ಸೆಕೆ ನೋಡಿ, ಎದೆಗಪ್ಪಿ ನಿಧಾನ ನಡೆಯಿರಿ. ಸಿಟ್ಟು ಬಂತೋ, ತೊಟ್ಟಿಲಲ್ಲಿ ಮಲಗಿಸಿ ಐದು ನಿಮಿಷ ಆಚೆ ಹೋಗಿ. ಮಗುವನ್ನು ಎಂದಿಗೂ ಅಲುಗಾಡಿಸಬಾರದು, ಮಿದುಳಿಗೆ ಪೆಟ್ಟಾಗುತ್ತದೆ. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅಥವಾ ಮಗು ಹಾಲು ಕುಡಿಯದೆ ಮಂಕಾದರೆ ತಕ್ಷಣ ವೈದ್ಯರ ಬಳಿಗೆ.

ಮೊದಲ ನೋಟಕ್ಕೇ ಮಮತೆ ಉಕ್ಕದಿದ್ದರೆ ಗಾಬರಿ ಬೇಡ, ಹಲವರಿಗೆ ವಾರಗಳೇ ಹಿಡಿಯುತ್ತವೆ. ಆದರೆ ಬೇಸರ, ಸಿಡುಕು, ಯಾವುದೂ ಬೇಡವೆನ್ನುವ ಭಾವ ಎರಡು ವಾರ ದಾಟಿದರೆ ವೈದ್ಯರೊಂದಿಗೆ ಮಾತಾಡಿ. ಹೆರಿಗೆಯ ನಂತರದ ಖಿನ್ನತೆ ಅಪ್ಪಂದಿರಿಗೂ ಬರುತ್ತದೆ, ಅದಕ್ಕೆ ಚಿಕಿತ್ಸೆಯೂ ಇದೆ.