ಕೈಲೆಕ್ಕ ಮಾಡಿಯೇ ಮೆಡಿಕಲ್ ಫಿಸಿಕ್ಸ್ ಕಲಿತೆ: ನನ್ನ ಅನುಭವ

ಆರ್‌ಎಸ್‌ಒ ಲೆವೆಲ್ 3 (ಕ್ಯಾನ್ಸರ್ ಪೇಷಂಟಿಗೆ ವಿಕಿರಣ ಚಿಕಿತ್ಸೆ ಕೊಡುವ ಕಡೆ ವಿಕಿರಣ ಸುರಕ್ಷತಾ ಅಧಿಕಾರಿ ಆಗಲು ಬರೆಯುವ ಪರೀಕ್ಷೆ) ಪಾಸಾಯಿತು. ಓದಿದ್ದಕ್ಕಿಂತ ಕೈಲೆಕ್ಕ ಮಾಡಿದ್ದೇ ಜಾಸ್ತಿ. ಇದೆಲ್ಲ ಟೈಮ್ ವೇಸ್ಟ್ ಅಂದವರು ಬಹಳ ಜನ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬಾಗಲಕೋಟೆ ಕಡೆಯವನು. ಎಂಎಸ್ಸಿ ಫೀಸಿಗೇ ಎರಡೂವರೆ ಲಕ್ಷದ ಹತ್ತಿರ ಹೋಗಿತ್ತು. ಅದರ ಮೇಲೆ ಬೆಳಗಾವಿಯಲ್ಲಿ ಒಂದು ವರ್ಷ ಇಂಟರ್ನ್‌ಶಿಪ್, ಸ್ಟೈಪೆಂಡ್ ಇಲ್ಲ. ರೂಮು, ಖಾನಾವಳಿ ಸೇರಿ ತಿಂಗಳಿಗೆ ಏಳೆಂಟು ಸಾವಿರ. ಅಪ್ಪ ಕಬ್ಬಿನ ಬಿಲ್ ಬಂದಾಗ ಕಳಿಸುತ್ತಿದ್ದರು, ಬಿಲ್ ತಡವಾದರೆ ನನ್ನ ಬಾಡಿಗೆಯೂ ತಡ.

ಮೊದಲು ಎಲ್ಲರಂತೆ ಹಳೆ ಪ್ರಶ್ನೆಗಳ ಝೆರಾಕ್ಸ್ ತಂದು ಉರು ಹೊಡೆದೆ. ಅಂಕಿ ಬದಲಾದರೆ ಏನೂ ಹೊಳೆಯುತ್ತಿರಲಿಲ್ಲ. ಆನ್‌ಲೈನ್ ಕ್ಲಾಸಿಗೆ ಕೊಟ್ಟ ದುಡ್ಡೂ ದಂಡವಾಯಿತು. ಆಮೇಲೆ ದಿನಾ ಸಂಜೆ ಪೇಷಂಟುಗಳ ಒಂದೆರಡು ಟ್ರೀಟ್ಮೆಂಟ್ ಪ್ಲಾನ್ ತಗೊಂಡು ಎಂಯು (ಮಷೀನ್ ಎಷ್ಟು ವಿಕಿರಣ ಬಿಡಬೇಕು ಅನ್ನುವ ಅಂಕಿ) ಕೈಯಲ್ಲೇ ತೆಗೆದು, ಟಿಪಿಎಸ್ (ಪ್ಲಾನ್ ಲೆಕ್ಕ ಹಾಕುವ ಕಂಪ್ಯೂಟರ್) ಅಂಕಿಯ ಜೊತೆ ಹೋಲಿಸಲು ಶುರು ಮಾಡಿದೆ. "ಕಂಪ್ಯೂಟರ್ ಎಲ್ಲಾ ಮಾಡತೈತಿ, ನೀ ಯಾಕ ಪೆನ್ ಹಿಡಕೊಂಡು ಕುಂತಿ ತಮ್ಮಾ?" ಅಂತ ಸೀನಿಯರ್ ಒಬ್ಬರು ಕೇಳುತ್ತಲೇ ಇದ್ದರು. ಪೆಲ್ವಿಸ್ (ಸೊಂಟದ ಭಾಗದ) ಪ್ಲಾನ್‌ಗಳು ಎರಡು ಪರ್ಸೆಂಟ್ ಒಳಗೆ ಕೂತವು. ಶ್ವಾಸಕೋಶದವು ಕೂರಲೇ ಇಲ್ಲ. ನಮ್ಮ ಪಿಡಿಡಿ ಟೇಬಲ್ (ಆಳಕ್ಕೆ ಹೋದ ಹಾಗೆ ಡೋಸ್ ಎಷ್ಟು ಪರ್ಸೆಂಟ್ ಉಳಿಯುತ್ತದೆ ಅನ್ನುವ ಪಟ್ಟಿ) ನೀರಿನದು, ಶ್ವಾಸಕೋಶದಲ್ಲಿರುವುದು ಬಹುಪಾಲು ಗಾಳಿ. ಇನ್‌ಹೋಮೋಜಿನಿಟಿ ಕರೆಕ್ಷನ್ (ದೇಹದೊಳಗಿನ ಸಾಂದ್ರತೆಯ ವ್ಯತ್ಯಾಸಕ್ಕೆ ಮಾಡುವ ತಿದ್ದುಪಡಿ) ಯಾಕೆ ಬೇಕು ಅಂತ ನನಗೆ ಅರ್ಥವಾಗಿದ್ದು ಆ ಸೋಲಿನಿಂದಲೇ.

ಇನ್ನೊಂದು ಸಂಗತಿ ಬೆಳಗಾವಿಯಲ್ಲಿ ಕಲಿಯುವವರಿಗೆ ಬಹಳ ಮುಖ್ಯ. ಔಟ್‌ಪುಟ್ (ಮಷೀನ್ ಕೊಡುವ ಡೋಸ್) ಅಳೆಯುವಾಗ ಚೇಂಬರ್ (ಒಳಗೆ ಗಾಳಿಯಿರುವ, ವಿಕಿರಣ ಅಳೆಯುವ ಉಪಕರಣ) ರೀಡಿಂಗಿಗೆ ತಾಪಮಾನ, ಒತ್ತಡದ ಕರೆಕ್ಷನ್ ಹಾಕುತ್ತೇವಲ್ಲ, ಅಲ್ಲಿ ಮೊಬೈಲಿನ ಹವಾಮಾನ ಆ್ಯಪ್ ನೋಡಿ ಒತ್ತಡ ಬರೆಯಬೇಡಿ. ಆ್ಯಪ್ 1010ರ ಆಸುಪಾಸು ತೋರಿಸುತ್ತದೆ, ಅದು ಸಮುದ್ರಮಟ್ಟಕ್ಕೆ ಇಳಿಸಿ ಹೇಳಿದ ಅಂಕಿ. ಊರು ಇರುವುದು ಸುಮಾರು 750 ಮೀಟರ್ ಎತ್ತರದಲ್ಲಿ, ನಿಜವಾದ ಒತ್ತಡ 925 ಮಿಲಿಬಾರ್ ಹತ್ತಿರ. 25 ಡಿಗ್ರಿಯಲ್ಲಿ ರೀಡಿಂಗನ್ನು ಗುಣಿಸುವ ಕರೆಕ್ಷನ್ 1.11ರಷ್ಟು ಬರಬೇಕು. ಆ್ಯಪ್ ಅಂಕಿ ಹಾಕಿದರೆ ಸರಿಯಿರುವ ಮಷೀನೂ ಎಂಟೊಂಬತ್ತು ಪರ್ಸೆಂಟ್ ಕಮ್ಮಿ ಕೊಡುತ್ತಿದೆ ಅನಿಸುತ್ತದೆ. ಅದನ್ನು ನಂಬಿ ಔಟ್‌ಪುಟ್ ಏರಿಸಿದರೆ ಪೇಷಂಟಿಗೆ ಅಷ್ಟೂ ಹೆಚ್ಚು ಡೋಸ್!

ಇದರ ಹಿಂದೆ ಬಿದ್ದು, ಒತ್ತಡದ ಸೆನ್ಸರ್ ಇರುವ ಗೆಳೆಯನ ಫೋನ್ ಇಸಿದುಕೊಂಡು ಚೋರ್ಲಾ ಘಾಟ್ ಮೇಲೆ ಪಣಜಿಗೆ ಬಸ್ಸಿನಲ್ಲಿ ಹೋದೆ. ಘಾಟ್ ಇಳಿದ ಹಾಗೆ ಅಂಕಿ ಏರುತ್ತಾ ಹೋಗಿ ಪಣಜಿಯಲ್ಲಿ 1010 ಮುಟ್ಟಿತು. ಪರೀಕ್ಷೆಗೆ ಏನೂ ಉಪಯೋಗವಿಲ್ಲ, ಆದರೂ ಬಹಳ ಖುಷಿಯಾಯಿತು. ಕೆಲಸಕ್ಕೆ ಮಾತ್ರ ಕ್ಯಾಲಿಬ್ರೇಟ್ ಆದ ಬ್ಯಾರೋಮೀಟರೇ ಬೇಕು.

ಡಿಕೇ (ವಿಕಿರಣ ಮೂಲದ ಶಕ್ತಿ ದಿನ ಕಳೆದಂತೆ ಕುಂದುವ) ಲೆಕ್ಕಕ್ಕೆ ಬಾಯಲ್ಲೇ ಇಟ್ಟುಕೊಂಡದ್ದು ಇಷ್ಟು: ಕೋಬಾಲ್ಟ್ 60 ತಿಂಗಳಿಗೆ ಒಂದು ಪರ್ಸೆಂಟ್ ಇಳಿಯುತ್ತದೆ, ಇರಿಡಿಯಂ 192 ದಿನಕ್ಕೆ ಒಂದು ಪರ್ಸೆಂಟ್. ಸ್ಕ್ಯಾಟರ್ ಫ್ಯಾಕ್ಟರ್‌ಗಳಿಗೆ (ಚದುರಿದ ವಿಕಿರಣಕ್ಕೆ ಹಾಕುವ ಗುಣಕಗಳಿಗೆ) ನಾನೇ ಮಾಡಿಕೊಂಡ ಚಾರ್ಟ್ ಒಂದಿದೆ, ಅದನ್ನು ಇಲ್ಲಿ ಹಾಕುವುದಿಲ್ಲ.

ಈಗ ಅದೇ ಸೀನಿಯರ್ ಹೊಸ ಇಂಟರ್ನ್‌ಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ಶುರು ಮಾಡುವವರು ನಾಲ್ಕು ಫೀಲ್ಡಿನ (ನಾಲ್ಕು ದಿಕ್ಕಿನಿಂದ ವಿಕಿರಣ ಬಿಡುವ) ಪೆಲ್ವಿಸ್ ಪ್ಲಾನಿನಿಂದ ಮಾಡಿ, ಐಎಂಆರ್‌ಟಿಗೆ (ಕಿರಣದ ತೀವ್ರತೆಯನ್ನು ಜಾಗದಿಂದ ಜಾಗಕ್ಕೆ ಬದಲಿಸುವ ಕ್ಲಿಷ್ಟ ವಿಧಾನಕ್ಕೆ) ಈಗಲೇ ಕೈ ಹಾಕಬೇಡಿ.