ಹಳೆ ಬೈಕಿನ ಟ್ಯಾಂಕ್: ತುಕ್ಕು ಬಿಡಿಸುವುದಕ್ಕಿಂತ ಒಣಗಿಸುವುದೇ ದೊಡ್ಡ ಕೆಲಸ

ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಡಿ. ತಳದಲ್ಲಿ ಕಂದು ಪುಡಿ, ಗೋಡೆಯ ಮೇಲೆ ಹಕ್ಕಳೆಯಾಗಿ ಎದ್ದ ತುಕ್ಕು, ಮೂಗಿಗೆ ವಾರ್ನಿಷ್‌ನಂಥ ಹಳೇ ಪೆಟ್ರೋಲಿನ ವಾಸನೆ. ವರ್ಷಗಟ್ಟಲೆ ನಿಂತ ಬೈಕಿನಲ್ಲಿ ಇದು ಮಾಮೂಲು. ಅರ್ಧ ಖಾಲಿ ಟ್ಯಾಂಕಿನ ಗಾಳಿಯಲ್ಲಿರುವ ತೇವ ತಂಪಿಗೆ ನೀರಾಗುತ್ತದೆ. ನೀರು ಪೆಟ್ರೋಲಿಗಿಂತ ಭಾರ, ಹಾಗಾಗಿ ತಳಕ್ಕಿಳಿದು ಅಲ್ಲೇ ಕೂರುತ್ತದೆ. ತೂತು ಬೀಳುವುದೂ ಹೆಚ್ಚಾಗಿ ತಳದ ಅಂಚಿನಲ್ಲೇ.

ಮೊದಲು ಪೆಟ್ರೋಲ್ ಪೂರ್ತಿ ಬಸಿಯಿರಿ. ಬಯಲು ಜಾಗದಲ್ಲಿ, ಹತ್ತಿರ ಬೆಂಕಿಯಾಗಲಿ ಕಿಡಿಯಾಗಲಿ ಇಲ್ಲದ ಕಡೆ. ಖಾಲಿಯಾಯ್ತಲ್ಲ ಎಂದು ಸುಮ್ನೆ ಧೈರ್ಯ ಮಾಡಬೇಡಿ. ಉರಿಯುವುದು ಪೆಟ್ರೋಲಿನ ಆವಿ, ಅದು ಖಾಲಿ ಟ್ಯಾಂಕಿನಲ್ಲೂ ತುಂಬಿರುತ್ತದೆ. ಇಂಥ ಟ್ಯಾಂಕಿಗೆ ಮನೆಯಲ್ಲಿ ವೆಲ್ಡಿಂಗ್ ಮಾಡಲು ಹೋಗಲೇಬೇಡಿ.

ಟ್ಯಾಂಕಿನ ತಳದಲ್ಲಿ ಪೆಟ್ರೋಲ್ ಬಿಡುವ, ನಿಲ್ಲಿಸುವ ನಲ್ಲಿ, ಅಂದರೆ ಪೆಟ್ರೋಲ್ ಕಾಕ್ ಬಿಚ್ಚಿ, ಆ ತೂತಿಗೆ ರಬ್ಬರ್ ಬಿರಡೆ ಹಾಕಿ. ಪಾತ್ರೆ ತೊಳೆಯುವ ಸೋಪು, ಬಿಸಿನೀರು ಹಾಕಿ ಎರಡು ಮೂರು ಸಲ ತೊಳೆಯಿರಿ. ಈ ಹಂತವನ್ನು ತುಂಬ ಜನ ಬಿಡುತ್ತಾರೆ. ಜಿಡ್ಡು ಉಳಿದ ಕಡೆ ಮುಂದೆ ಹಾಕುವ ಆ್ಯಸಿಡ್ ತುಕ್ಕನ್ನು ಮುಟ್ಟುವುದೇ ಇಲ್ಲ.

ಹಕ್ಕಳೆ ಜಾಸ್ತಿ ಇದ್ದರೆ ಒಂದು ತುಂಡು ಸಣ್ಣ ಚೈನು ಒಳಗೆ ಬಿಟ್ಟು, ಸ್ವಲ್ಪ ನೀರು ಹಾಕಿ ಅಲ್ಲಾಡಿಸಿ. ನಟ್ಟು ಬೋಲ್ಟು ಹಾಕಿದರೆ ಒಂದಾದರೂ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಚೈನಾದರೆ ತುದಿ ಹಿಡಿದು ಎಳೆದರೆ ಆಯ್ತು.

ಈಗ ಸಿಟ್ರಿಕ್ ಆ್ಯಸಿಡ್. ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ ಪುಡಿ ಸಾಕು. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಹೊರಗಿನ ಪೇಂಟಿನ ಮೇಲೆ ಸುರಿಯದಂತೆ ಬಾಯಿಯ ಸುತ್ತ ಪ್ಲಾಸ್ಟಿಕ್ ಕಟ್ಟಿ. ಕತ್ತಿನವರೆಗೂ ತುಂಬಿಸಿ, ಇಲ್ಲದಿದ್ದರೆ ಮೇಲ್ಭಾಗದ ತುಕ್ಕು ಹಾಗೇ ಉಳಿಯುತ್ತದೆ. ಮುಚ್ಚಳ ಬಿಗಿಯಬೇಡಿ, ಗುಳ್ಳೆಯಾಗಿ ಬರುವ ಹೈಡ್ರೋಜನ್ ಹೊರಗೆ ಹೋಗಬೇಕು. ಒಂದು ದಿನ ಬಿಟ್ಟು ನೋಡಿ, ಬೂದು ಬಣ್ಣದ ಲೋಹ ಕಾಣಬೇಕು. ಇಲ್ಲದಿದ್ದರೆ ಹೊಸ ದ್ರಾವಣ ಹಾಕಿ. ಬೇಗ ಆಗುತ್ತದೆ ಎಂದು ಹೈಡ್ರೋಕ್ಲೋರಿಕ್ ಆ್ಯಸಿಡ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಅದು ತುಕ್ಕಿನ ಜೊತೆ ಒಳ್ಳೆ ತಗಡನ್ನೂ ತಿನ್ನುತ್ತದೆ.

ದ್ರಾವಣ ಚೆಲ್ಲಿ, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಜಾಲಾಡಿಸಿ. ಇಲ್ಲಿಂದ ಗಡಿಯಾರ ಓಡುತ್ತದೆ ಎಂದುಕೊಳ್ಳಿ. ತೊಳೆದು ಬೆಳ್ಳಗಾದ ಕಬ್ಬಿಣಕ್ಕೆ ತೇವ ತಾಗಿದರೆ ಕೆಲವೇ ನಿಮಿಷದಲ್ಲಿ ಕಿತ್ತಳೆ ಬಣ್ಣದ ಹೊಸ ತುಕ್ಕು ಹರಡುತ್ತದೆ. ಮೊದಲ ಸಲ ನಾನು ಸಂಜೆ ತೊಳೆದು, ಬೆಳಗ್ಗೆ ಒರೆಸೋಣ ಎಂದು ಬೋರಲು ಹಾಕಿ ಮಲಗಿದ್ದೆ. ಬೆಳಗ್ಗೆ ಟಾರ್ಚ್ ಬಿಟ್ಟರೆ ಒಳಗೆಲ್ಲ ಅರಿಶಿನ ಕುಂಕುಮ ಬೆರೆಸಿ ಎರಚಿದ ಹಾಗಿತ್ತು. ಎರಡು ದಿನದ ಕೆಲಸ ಮತ್ತೆ ಮೊದಲಿಂದ. ಅದಕ್ಕೇ ಹೇರ್ ಡ್ರೈಯರ್ ಪಕ್ಕದಲ್ಲೇ ಇಟ್ಟುಕೊಂಡು ಕೊನೆಯ ಜಾಲಾಟಕ್ಕೆ ಕೈ ಹಾಕಿ. ಬಿಸಿನೀರಲ್ಲಿ ಜಾಲಾಡಿಸಿದರೆ ಲೋಹ ಬಿಸಿಯಾಗಿ ಬೇಗ ಒಣಗುತ್ತದೆ. ಪೆಟ್ರೋಲಿನ ವಾಸನೆ ಸ್ವಲ್ಪವಾದರೂ ಉಳಿದಿದ್ದರೆ ಮಾತ್ರ ಡ್ರೈಯರ್ ಹಚ್ಚಬೇಡಿ, ಮತ್ತೆ ಸೋಪಿನಲ್ಲಿ ತೊಳೆಯಿರಿ.

ಒಣಗಿದ ಮೇಲೆ ಕತ್ತಲಲ್ಲಿ ಟಾರ್ಚನ್ನು ಒಳಗಿಟ್ಟು ಹೊರಗಿನಿಂದ ನೋಡಿ. ಸೂಜಿಮೊನೆಯಷ್ಟು ಬೆಳಕು ಕಂಡರೂ ಅಲ್ಲಿ ತೂತಿದೆ ಎಂದೇ ಅರ್ಥ. ಸಣ್ಣ ತೂತಿಗೆ ಪೆಟ್ರೋಲ್ ತಾಳುವ ಎಪಾಕ್ಸಿ ಅಂಟು ಆಗುತ್ತದೆ. ದೊಡ್ಡದಾದರೆ ಕಸುಬುದಾರರೇ ಬೆಸುಗೆ ಹಾಕಲಿ. ಒಳಗೆಲ್ಲ ಸೀಲರ್, ಅಂದರೆ ಗೋಡೆಗೆ ಅಂಟಿ ಪದರವಾಗಿ ಗಟ್ಟಿಯಾಗುವ ಲೇಪ, ಬಳಿಯುವುದು ತೂತುಗಳು ಹಲವು ಇದ್ದಾಗ ಮಾತ್ರ ಒಳ್ಳೆಯದು. ಸರಿಯಾಗಿ ಅಂಟದ ಸೀಲರ್ ಮುಂದೆ ಸಿಪ್ಪೆಯಾಗಿ ಎದ್ದು ಕಾಕ್‌ಗೆ ಅಡ್ಡ ಕೂರುತ್ತದೆ.

ಸೀಲರ್ ಹಾಕದಿದ್ದರೆ ತಕ್ಷಣ ಪೆಟ್ರೋಲ್ ತುಂಬಿಸಿ. ಬೈಕ್ ಇನ್ನೂ ಸಿದ್ಧವಿಲ್ಲವಾ? ಟೂ ಸ್ಟ್ರೋಕ್ ಆಯಿಲ್ ಸ್ವಲ್ಪ ಹಾಕಿ, ಟ್ಯಾಂಕನ್ನು ಎಲ್ಲ ಕಡೆ ಹೊರಳಿಸಿ. ಮುಂದೆ ಅದು ಪೆಟ್ರೋಲಿನಲ್ಲೇ ಕರಗುತ್ತದೆ. ಕಾಕ್‌ಗೆ ಹೊಸ ವಾಷರ್, ಕಾರ್ಬ್ಯುರೇಟರಿಗೆ ಹೋಗುವ ಪೈಪಿಗೆ ಒಂದು ಪಾರದರ್ಶಕ ಫಿಲ್ಟರ್ ಹಾಕಿ. ಮೊದಲ ಕೆಲವು ಸವಾರಿ ಮುಗಿದಾಗೆಲ್ಲ ಆ ಫಿಲ್ಟರ್ ಕಡೆ ಕಣ್ಣಾಡಿಸಿ. ಕಂದು ಪುಡಿ ಕಂಡರೆ ಬದಲಾಯಿಸಿ.