ಸಂಗೀತ ಕಚೇರಿಯ ಮಂದ ಬೆಳಕಿನಲ್ಲಿ ಫೋಟೋ ತೆಗೆಯುವಾಗ

ರಾಮನವಮಿ ಸಂಗೀತ ಕಚೇರಿಗಳಲ್ಲಿ ಫೋಟೋ ತೆಗೆಯುವ ಗೆಳೆಯರೇ, ಕ್ಯಾಮೆರಾವನ್ನು ಆಟೋದಲ್ಲಿ ಬಿಡಬೇಡಿ. ಹಿಂದಿನ ಪರದೆ ಕಪ್ಪಗಿದ್ದರೆ ಅದು ಇಡೀ ಚಿತ್ರವನ್ನು ಬೆಳಗಿಸಲು ಹೋಗಿ ಗಾಯಕರ ಮುಖ ಬೆಳ್ಳಗೆ ಸುಟ್ಟುಹೋಗುತ್ತದೆ. ಸ್ಪಾಟ್ ಮೀಟರಿಂಗ್ ಇಟ್ಟು ಮುಖದ ಮೇಲಿನ ಬೆಳಕನ್ನಷ್ಟೇ ಅಳೆಯಿರಿ.

ಹೆಚ್ಚು ಬೆಳಕು ಒಳಬಿಡುವ 50 ಎಂಎಂ ಎಫ್/1.8 ಲೆನ್ಸ್ ಸಾಕು, ದುಬಾರಿಯದ್ದು ಬೇಕಿಲ್ಲ. ಹಾಡುವವರಿಗೆ ಶಟರ್ ವೇಗ 1/125 ಸೆಕೆಂಡ್ ನಡೆಯುತ್ತದೆ. ಮೃದಂಗದ ಬೆರಳುಗಳು ಸ್ಪಷ್ಟವಾಗಿ ಬೇಕೆಂದರೆ 1/500 ಆದರೂ ಇರಲಿ. ಅದಕ್ಕಾಗಿ ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 3200, 6400ಕ್ಕೆ ಏರಿದರೂ ಹೆದರಬೇಡಿ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ) ಇದ್ದರೆ ನಾಯ್ಸ್ ಅನ್ನು, ಅಂದರೆ ಚಿತ್ರದಲ್ಲಿ ಕಾಣುವ ಕಾಳುಕಾಳನ್ನು, ಆಮೇಲೆ ತಗ್ಗಿಸಬಹುದು, ಅಲುಗಿದ ಚಿತ್ರವನ್ನು ಸರಿಮಾಡಲು ಆಗುವುದಿಲ್ಲ.

ಸದ್ದಿಲ್ಲದ ಸೈಲೆಂಟ್ ಶಟರ್ ಹಾಕಿದಾಗ ಕೆಲವು ಎಲ್ಇಡಿ ದೀಪಗಳಡಿ ಚಿತ್ರದಲ್ಲಿ ಪಟ್ಟೆ ಬೀಳುತ್ತದೆ. ನಮ್ಮ ವಿದ್ಯುತ್ 50 ಹರ್ಟ್ಜ್, ಹಾಗಾಗಿ 1/100ಕ್ಕೆ ಇಳಿಸಿ ನೋಡಿ. ಆಗಲೂ ಹೋಗದಿದ್ದರೆ ಮೆಕ್ಯಾನಿಕಲ್ ಶಟರ್ ಬಳಸಿ, ಆದರೆ ಅದು ಕ್ಲಿಕ್ ಎನ್ನುವುದರಿಂದ ತನಿ ಆವರ್ತನದವರೆಗೆ (ಮೃದಂಗದಂಥ ತಾಳವಾದ್ಯಗಳು ಮಾತ್ರ ನುಡಿಯುವ ಭಾಗ) ಅಥವಾ ಚಪ್ಪಾಳೆವರೆಗೆ ಕಾಯಿರಿ. ಆಲಾಪನೆಯ ನಡುವೆ ಆ ಸದ್ದು ಕೇಳುಗರಿಗೆ ನಿಜಕ್ಕೂ ಹಿಂಸೆ. ಫ್ಲ್ಯಾಶ್ ಅಂತೂ ಬೇಡವೇ ಬೇಡ.

ನೇರ ಎದುರು ಕೂತರೆ ಮೈಕು ಬಾಯಿಗೆ ಅಡ್ಡ ಬರುತ್ತದೆ. ಸ್ವಲ್ಪ ಪಕ್ಕಕ್ಕೆ ಸರಿದರೆ ಮುಖವೂ ಸಿಗುತ್ತದೆ, ಗಾಯಕರು ಪಕ್ಕವಾದ್ಯದವರತ್ತ ತಿರುಗಿ ಭಲೇ ಅನ್ನುವ ಗಳಿಗೆಯೂ ಸಿಗುತ್ತದೆ.